ಸ್ಪ್ಯಾನಿಷ್ ಭಾಷೆಯಲ್ಲಿ ಗಾಯಾಳುವನ್ನು ಏನೆಂದು ಕರೆಯಬೇಕು?

ಪ್ರಶ್ನೆ: ನಾನು ಬೆಂಗಳೂರಿನ ಸಂಸ್ಥೆಯೊಂದರಲ್ಲಿ ವಿಮಾ ಕ್ಲೇಮುಗಳ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಸ್ಪೇನ್ ಮತ್ತು ಮೆಕ್ಸಿಕೊದಿಂದ ಬರುವ ಅಪಘಾತದ ಕಾಗದಪತ್ರಗಳನ್ನು ಓದಿ ಸಾರಾಂಶ ಬರೆಯಬೇಕು. ಕೆಲವೊಮ್ಮೆ ಫೋನಿನಲ್ಲಿ ಮಾತನಾಡಬೇಕು. ‘ಎರಿದೊ’, ‘ಲೆಸಿಯೊನಾದೊ’, ‘ಲಾಸ್ತಿಮಾದೊ’, ‘ಬಿಕ್ತಿಮಾ’, ‘ದಮ್ನಿಫಿಕಾದೊ’ ಎಂಬ ಪದಗಳಿಗೆಲ್ಲ ನಿಘಂಟಿನಲ್ಲಿ ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟಿದ್ದಾರೆ. ಒಂದರ ಬದಲು ಇನ್ನೊಂದನ್ನು ಬಳಸಬಹುದೇ? ಮಾತಿನಲ್ಲಿ ಯಾವುದು ಸರಿ?

ಉತ್ತರ: ಬಳಸುವಂತಿಲ್ಲ. ನಿಮ್ಮ ಕೆಲಸದಲ್ಲಂತೂ ಖಂಡಿತ ಬಳಸುವಂತಿಲ್ಲ, ಏಕೆಂದರೆ ಈ ಪದಗಳಲ್ಲಿ ಕೆಲವಕ್ಕೆ ಕಾನೂನು ಕೊಟ್ಟ ನಿಖರವಾದ ಅರ್ಥವಿದ್ದು, ಪರಿಹಾರದ ಮೊತ್ತವೇ ಅದರ ಮೇಲೆ ನಿಂತಿರುತ್ತದೆ. ಕನ್ನಡ ಪತ್ರಿಕೆ ಓದುವವರಿಗೆ ಇಂಥ ವ್ಯತ್ಯಾಸ ಹೊಸದೇನೂ ಅಲ್ಲ. ಬಸ್ ಉರುಳಿದರೆ ಗಾಯಾಳುಗಳು, ನದಿ ಉಕ್ಕಿ ಮನೆ ಮುಳುಗಿದರೆ ನೆರೆ ಸಂತ್ರಸ್ತರು, ಮೆಟ್ಟಿಲಲ್ಲಿ ಜಾರಿದ ಮಗು ಪೆಟ್ಟು ಮಾಡಿಕೊಂಡಿತು, ಪೊಲೀಸ್ ಕಾಗದದಲ್ಲಿ ಸಾದಾ ಸ್ವರೂಪದ ಗಾಯ ಅಥವಾ ತೀವ್ರ ಸ್ವರೂಪದ ಗಾಯ. ಮಂಡಿ ತರಚಿಕೊಂಡ ಮಗುವನ್ನು ಯಾವ ತಾಯಿಯೂ ಗಾಯಾಳು ಎನ್ನುವುದಿಲ್ಲ. ಸ್ಪ್ಯಾನಿಷ್‌ನಲ್ಲಿಯೂ ಪದದ ಆಯ್ಕೆ ಹೀಗೆಯೇ ಪೆಟ್ಟು ಹೇಗೆ ಬಿತ್ತು, ಯಾರು ಹೇಳುತ್ತಿದ್ದಾರೆ, ಯಾವ ದೇಶದಲ್ಲಿ ಹೇಳುತ್ತಿದ್ದಾರೆ ಎಂಬುದರ ಮೇಲೆ ನಿಲ್ಲುತ್ತದೆ. ನಿಮಗೆ ನಾನು ಮೊದಲು ಹೇಳಬಯಸುವುದು ಇಷ್ಟು: ಈ ಪದಗಳನ್ನು ಇಂಗ್ಲಿಷ್ ಮೂಲಕ ಕಲಿಯುವುದನ್ನು ಬಿಟ್ಟು ಕನ್ನಡದಿಂದ ನೇರವಾಗಿ ಕಲಿಯಿರಿ. ದೇಹಕ್ಕಾದ ನೋವನ್ನು ಹೇಳುವ ವಿಷಯದಲ್ಲಿ ಈ ಎರಡು ಭಾಷೆಗಳು ಅಚ್ಚರಿಯಾಗುವಷ್ಟು ಹತ್ತಿರದಲ್ಲಿವೆ; ಅದನ್ನು ಮುಂದೆ ವಿವರಿಸುತ್ತೇನೆ.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಸ್ಪ್ಯಾನಿಷ್‌ನಲ್ಲಿ ‘ಎಚ್’ ಅಕ್ಷರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ‘ವಿ’ ಅಕ್ಷರದ ಧ್ವನಿ ಬಹುಮಟ್ಟಿಗೆ ನಮ್ಮ ‘ಬ’ಕಾರದ್ದು. ಆದ್ದರಿಂದ ನೀವು ಬರೆದ ‘ಎರಿದೊ’, ‘ಬಿಕ್ತಿಮಾ’ ಎಂಬ ರೂಪಗಳೇ ಸರಿ, ನಾನೂ ಅವನ್ನೇ ಬಳಸುತ್ತೇನೆ.

‘ಎರಿದೊ’ ಎಂಬುದು ಗಾಯಗೊಳಿಸು ಎಂಬ ಅರ್ಥದ ‘ಎರಿರ್’ ಕ್ರಿಯಾಪದದಿಂದ ಬಂದದ್ದು. ಮೂಲದಲ್ಲಿ ಅದರಲ್ಲಿ ಆಯುಧದ ನೆರಳಿದೆ. ಗುಂಡು ತಗುಲಿದವನು ‘ಎರಿದೊ ದೆ ಬಾಲಾ’, ಚೂರಿಯಿಂದ ಇರಿತಕ್ಕೊಳಗಾದವನು ‘ಎರಿದೊ ಪೊರ್ ಆರ್ಮಾ ಬ್ಲಾಂಕಾ’, ಯುದ್ಧದಲ್ಲಿ ಗಾಯಗೊಂಡ ಸೈನಿಕ ‘ಎರಿದೊ ದೆ ಗೆರ‍್ರಾ’. ಚರ್ಮ ಹರಿದು ರಕ್ತ ಬಂದ ಗಾಯಕ್ಕೆ ‘ಎರಿದಾ’ ಎನ್ನುತ್ತಾರೆ. ಆದರೆ ಪತ್ರಿಕೆ ಮತ್ತು ಪೊಲೀಸರ ಭಾಷೆಯಲ್ಲಿ ಈ ಪದ ಎಂದೋ ವಿಸ್ತಾರಗೊಂಡಿದೆ. ರಸ್ತೆ ಅಪಘಾತ, ರೈಲು ಅಪಘಾತ, ಸ್ಫೋಟ, ಇವುಗಳಲ್ಲಿ ಮೂಳೆ ಮುರಿದು ಹನಿ ರಕ್ತವೂ ಬಾರದವರನ್ನೂ ‘ಎರಿದೊ’ ಎಂದೇ ಎಣಿಸುತ್ತಾರೆ. 2013ರ ಜುಲೈ 24ರಂದು ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾ ನಗರದ ಬಳಿ ವೇಗದ ರೈಲು ತಿರುವಿನಲ್ಲಿ ಹಳಿ ತಪ್ಪಿ 80 ಮಂದಿ ಸತ್ತಾಗ, ಬದುಕುಳಿದ ನೂರಕ್ಕೂ ಹೆಚ್ಚು ಮಂದಿಯನ್ನು ಅಲ್ಲಿನ ಪತ್ರಿಕೆಗಳು ಕರೆದದ್ದು ‘ಎರಿದೊಸ್’ ಎಂದು. ನಮ್ಮ ‘ಸಾವು-ನೋವು’ ಎಂಬ ಜೋಡಿಗೆ ಅವರ ಜೋಡಿ ‘ಮ್ವೆರ್ತೊಸ್ ಇ ಎರಿದೊಸ್’.

ಈ ಪದದ ಹಿಂದೆ ಯಾವ ಕ್ರಿಯಾಪದ ಬರುತ್ತದೆ ಎಂಬುದನ್ನು ಗಮನಿಸದೆ ಸಾರಾಂಶ ಬರೆಯಬೇಡಿ. ‘ಎಸ್ತಾ ಎರಿದೊ’ ಎಂದರೆ ಆತ ಈಗ ಗಾಯಗೊಂಡ ಸ್ಥಿತಿಯಲ್ಲಿದ್ದಾನೆ. ‘ಫ್ವೆ ಎರಿದೊ’ ಎಂದರೆ ಯಾರೋ ಅಥವಾ ಯಾವುದೋ ಆತನನ್ನು ಗಾಯಗೊಳಿಸಿದೆ; ಹಲ್ಲೆಯ ಪ್ರಕರಣಗಳಲ್ಲಿ ಇದು ಹೆಚ್ಚು. ‘ರೆಸುಲ್ತೊ ಎರಿದೊ’ ಎಂದರೆ ಘಟನೆಯ ಫಲವಾಗಿ ಗಾಯಗೊಂಡ, ಅಷ್ಟೇ. ತಪ್ಪು ಯಾರದೆಂದು ಅದು ಹೇಳುವುದಿಲ್ಲ. ಅಪಘಾತ ವರದಿಗಳಲ್ಲಿ ನಿಮಗೆ ಅತಿಹೆಚ್ಚು ಸಿಗುವುದು ಈ ಮೂರನೆಯದೇ. ಏನೂ ಆಗದೆ ಪಾರಾದವನು ‘ಇಲೆಸೊ’.

ಹೆಣ್ಣಿನ ವಿಷಯದಲ್ಲಿ ಒಂದು ತೊಡಕಿದೆ. ಗಾಯಗೊಂಡ ಹೆಂಗಸಿಗೂ ‘ಎರಿದಾ’ ಎಂದೇ ಹೇಳಬೇಕು, ಗಾಯಕ್ಕೂ ಅದೇ ಪದ. ‘ಉನಾ ಎರಿದಾ ಗ್ರಾಬೆ’ ಎಂಬ ತುಂಡುವಾಕ್ಯ ಮಾತ್ರ ಕಣ್ಣಿಗೆ ಬಿದ್ದರೆ ಅದು ಒಂದು ದೊಡ್ಡ ಗಾಯವೋ, ತೀವ್ರವಾಗಿ ಗಾಯಗೊಂಡ ಒಬ್ಬ ಮಹಿಳೆಯೋ ತಿಳಿಯದು. ಎಚ್ಚರಿಕೆಯಿಂದ ಬರೆಯುವವರು ‘ಉನಾ ಮುಹೆರ್ ಎರಿದಾ’ ಎಂದು ‘ಮಹಿಳೆ’ ಎಂಬ ಪದವನ್ನು ಸೇರಿಸಿಯೇ ಬರೆಯುತ್ತಾರೆ. ನೀವೂ ಹಾಗೆಯೇ ಬರೆಯಿರಿ.

ತೀವ್ರತೆಯನ್ನು ಹೇಳುವ ‘ಲೆಬೆ’ ಮತ್ತು ‘ಗ್ರಾಬೆ’ ಎಂಬ ವಿಶೇಷಣಗಳನ್ನು ಕೇವಲ ವರ್ಣನೆಯೆಂದು ಓದಬೇಡಿ. ಸ್ಪೇನಿನ ಸಂಚಾರ ಮಹಾನಿರ್ದೇಶನಾಲಯದ ಲೆಕ್ಕದಲ್ಲಿ ಆಸ್ಪತ್ರೆಯಲ್ಲಿ 24 ಗಂಟೆಗೂ ಹೆಚ್ಚು ಕಾಲ ಒಳರೋಗಿಯಾಗಿ ಉಳಿದವನು ‘ಎರಿದೊ ಓಸ್ಪಿತಾಲಿಸಾದೊ’, ಅಂದರೆ ಹಿಂದೆ ‘ಎರಿದೊ ಗ್ರಾಬೆ’ ಎನ್ನುತ್ತಿದ್ದ ವರ್ಗ. ಉಳಿದವರೆಲ್ಲ ಒಳರೋಗಿಯಾಗದ ಗಾಯಾಳುಗಳು. ಅಪಘಾತವಾಗಿ 30 ದಿನಗಳೊಳಗೆ ಅದರ ಕಾರಣದಿಂದ ಸತ್ತರೆ ಆತ ಗಾಯಾಳುಗಳ ಪಟ್ಟಿಯಿಂದ ‘ಫಾಯೆಸಿದೊಸ್’, ಅಂದರೆ ಮೃತರ ಪಟ್ಟಿಗೆ ಹೋಗುತ್ತಾನೆ. ಹಾಗಾಗಿ ಒಂದೇ ಅಪಘಾತದ ಎರಡು ಕಾಗದಗಳಲ್ಲಿ ಸಂಖ್ಯೆಗಳು ಬೇರೆಯಾಗಿದ್ದರೆ ಯಾರೋ ತಪ್ಪು ಬರೆದಿದ್ದಾರೆ ಎಂದುಕೊಳ್ಳುವ ಮೊದಲು ಎರಡರ ದಿನಾಂಕಗಳನ್ನು ನೋಡಬೇಕು.

ಇನ್ನು ‘ಲೆಸಿಯೊನಾದೊ’. ಸ್ಪೇನ್ ಮತ್ತು ಮೆಕ್ಸಿಕೊ ಬೇರೆಯಾಗುವುದು ಇಲ್ಲಿಯೇ. ಸ್ಪೇನಿನಲ್ಲಿ ಸಾಮಾನ್ಯ ಓದುಗನಿಗೆ ಈ ಪದ ಕೇಳಿದೊಡನೆ ನೆನಪಾಗುವುದು ಫುಟ್‌ಬಾಲ್ ಆಟಗಾರ: ತೊಡೆಯ ಸ್ನಾಯು ಹರಿದವನು, ಮಂಡಿಯ ಅಸ್ಥಿರಜ್ಜು ತುಂಡಾದವನು. ಪೂರ್ತಿ ಗಾಯಗೊಳ್ಳದೆ, ಆಡುವನೋ ಇಲ್ಲವೋ ಎಂಬ ಅನುಮಾನದಲ್ಲಿರುವ ಆಟಗಾರನನ್ನು ಅಲ್ಲಿನ ಕ್ರೀಡಾಪುಟಗಳು ‘ಎಂತ್ರೆ ಅಲ್ಗೊದೊನೆಸ್’ ಎನ್ನುತ್ತವೆ, ಅಕ್ಷರಶಃ ಹತ್ತಿಯ ನಡುವೆ ಇಟ್ಟವನು. ಮೆಕ್ಸಿಕೊದಲ್ಲಾದರೋ ಹೆದ್ದಾರಿಯಲ್ಲಿ ಲಾರಿ ಮಗುಚಿದರೆ ಪತ್ರಿಕೆಯ ತಲೆಬರಹದಲ್ಲಿಯೇ ‘ಮೂವರು ಲೆಸಿಯೊನಾದೊಸ್’ ಎಂದಿರುತ್ತದೆ. ಸ್ಪೇನಿನ ಪತ್ರಿಕೆ ಅಲ್ಲಿ ‘ಎರಿದೊಸ್’ ಎಂದು ಬರೆಯುತ್ತಿತ್ತು. ಮೆಕ್ಸಿಕೊದ ಕಾಗದದಲ್ಲಿ ಈ ಪದ ಕಂಡರೆ ಕ್ರೀಡೆಯೂ ಅಲ್ಲ, ನ್ಯಾಯಾಲಯವೂ ಅಲ್ಲ, ಸರಳವಾಗಿ ಗಾಯಾಳು ಎಂದು ತಿಳಿಯಿರಿ.

ಕಾನೂನಿನ ಕಾಗದಗಳಲ್ಲಿ ಮಾತ್ರ ಎರಡೂ ದೇಶಗಳಲ್ಲಿ ‘ಲೆಸಿಯೊನ್’ ಎಂಬ ಪದವೇ ಮುಖ್ಯ, ಏಕೆಂದರೆ ‘ಎರಿದಾ’ ಕಣ್ಣಿಗೆ ಕಾಣುವ ಗಾಯವಾದರೆ ‘ಲೆಸಿಯೊನ್’ ದೇಹಕ್ಕಾದ ಯಾವುದೇ ಹಾನಿಯನ್ನು ಒಳಗೊಳ್ಳುತ್ತದೆ: ಮೂಳೆ ಮುರಿತ, ಒಳರಕ್ತಸ್ರಾವ, ಉಳುಕು, ಕಿವುಡು. ಸ್ಪೇನಿನ 1995ರ ದಂಡಸಂಹಿತೆಯ 147ನೆಯ ವಿಧಿ ಮತ್ತೊಬ್ಬರ ದೇಹಕ್ಕೆ ಅಥವಾ ಮಾನಸಿಕ ಆರೋಗ್ಯಕ್ಕೆ ಹಾನಿ ಮಾಡುವುದನ್ನು ‘ಲೆಸಿಯೊನೆಸ್’ ಎಂಬ ಅಪರಾಧವಾಗಿ ನಿರೂಪಿಸುತ್ತದೆ. ಅದರ ಅಳತೆಗೋಲು ಗಮನಾರ್ಹ: ಮೊದಲ ಬಾರಿ ವೈದ್ಯರು ನೋಡಿದ್ದಷ್ಟೇ ಸಾಲದೆ, ಅದರ ಮೇಲೆ ವೈದ್ಯಕೀಯ ಅಥವಾ ಶಸ್ತ್ರಚಿಕಿತ್ಸೆಯ ಉಪಚಾರವೂ ವಸ್ತುನಿಷ್ಠವಾಗಿ ಬೇಕಾಯಿತೇ ಎಂಬುದು. ಅಲ್ಲಿನ ನ್ಯಾಯಾಲಯಗಳು ಹೊಲಿಗೆಯನ್ನು ಶಸ್ತ್ರಚಿಕಿತ್ಸೆಯ ಉಪಚಾರವೆಂದೇ ಪರಿಗಣಿಸುತ್ತ ಬಂದಿವೆ. ಆದ್ದರಿಂದ ಆಸ್ಪತ್ರೆಯ ಕಾಗದದಲ್ಲಿ ‘ಪುಂತೊಸ್ ದೆ ಸುತುರಾ’, ಅಂದರೆ ಹೊಲಿಗೆ ಹಾಕಿದರು ಎಂಬ ಮಾತಿದ್ದರೆ ಅದನ್ನು ಸಾರಾಂಶದಲ್ಲಿ ಬಿಡಲೇಬಾರದು. ಆ ಒಂದು ಸಾಲಿನಿಂದ ಪ್ರಕರಣದ ವರ್ಗವೇ ಬದಲಾಗಬಹುದು.

ಮೆಕ್ಸಿಕೊದ ಅಳತೆ ಬೇರೆ. ಅಲ್ಲಿನ ಒಕ್ಕೂಟ ದಂಡಸಂಹಿತೆಯ 289ನೆಯ ವಿಧಿ ದಿನಗಳನ್ನು ಎಣಿಸುತ್ತದೆ: ಪ್ರಾಣಾಪಾಯವಿಲ್ಲದೆ 15 ದಿನಗಳೊಳಗೆ ವಾಸಿಯಾಗುವ ಗಾಯ, ಅದಕ್ಕಿಂತ ಹೆಚ್ಚು ದಿನ ಹಿಡಿಯುವ ಗಾಯ. ಆದ್ದರಿಂದಲೇ ಮೆಕ್ಸಿಕೊದ ವೈದ್ಯಕೀಯ ಪ್ರಮಾಣಪತ್ರಗಳಲ್ಲಿ ‘ತಾರ್ದಾನ್ ಎನ್ ಸಾನಾರ್ ಮೆನೊಸ್ ದೆ ಕಿನ್ಸೆ ದಿಯಾಸ್’, ಅಂದರೆ ‘ವಾಸಿಯಾಗಲು 15 ದಿನಗಳಿಗಿಂತ ಕಡಿಮೆ ಹಿಡಿಯುತ್ತದೆ’ ಎಂಬಂಥ ಸಾಲು ಬರುತ್ತದೆ. ಹೊರಗಿನವರಿಗೆ ಅದು ವೈದ್ಯರ ಒಂದು ಸಮಾಧಾನದ ಮಾತಿನಂತೆ ಕಾಣುತ್ತದೆ. ನಿಜವಾಗಿ ಅದು ಕಾನೂನಿನ ವರ್ಗೀಕರಣ. ನಮ್ಮಲ್ಲಿಯೂ ದಿನಗಳ ಲೆಕ್ಕವಿದೆ ಎಂಬುದನ್ನು ನೆನೆದರೆ ಇದು ಸುಲಭವಾಗಿ ಮನಸ್ಸಿಗೆ ಹಿಡಿಯುತ್ತದೆ: ತೀವ್ರ ಸ್ವರೂಪದ ಗಾಯದ ಒಂದು ಲಕ್ಷಣವಾಗಿ ಭಾರತೀಯ ದಂಡಸಂಹಿತೆಯಲ್ಲಿ 20 ದಿನಗಳ ತೀವ್ರ ನೋವು ಎಂದಿದ್ದುದನ್ನು 2023ರ ಭಾರತೀಯ ನ್ಯಾಯ ಸಂಹಿತೆ 15 ದಿನಗಳಿಗೆ ಇಳಿಸಿತು.

ಸ್ಪೇನಿನ ವಾಹನ ಅಪಘಾತದ ಕ್ಲೇಮುಗಳಿಗೆ ಇನ್ನೊಂದು ಪದಗುಚ್ಛವೇ ಇದೆ. 2015ರ 35ನೆಯ ಕಾಯಿದೆ, 2016ರ ಜನವರಿ 1ರಿಂದ ಜಾರಿಯಲ್ಲಿರುವುದು, ಪರಿಹಾರವನ್ನು ಕೋಷ್ಟಕಗಳ ಮೂಲಕ ನಿಗದಿ ಮಾಡುತ್ತದೆ. ಈ ಕೋಷ್ಟಕ ವ್ಯವಸ್ಥೆಯನ್ನು ಎಲ್ಲರೂ ‘ಬಾರೆಮೊ’ ಎನ್ನುತ್ತಾರೆ. ಇದರಲ್ಲಿ ಗಾಯಗೊಂಡವನು ‘ಲೆಸಿಯೊನಾದೊ’. ಸತ್ತವರ ಪತಿ, ಪತ್ನಿ, ಮಕ್ಕಳು ಮುಂತಾಗಿ ಪರಿಹಾರಕ್ಕೆ ಹಕ್ಕುಳ್ಳವರು ‘ಪೆರ್ಹುದಿಕಾದೊಸ್’. ವಾಸಿಯಾಗುವವರೆಗಿನ ಗಾಯ ‘ಲೆಸಿಯೊನ್ ತೆಂಪೊರಾಲ್’, ವಾಸಿಯಾದ ಮೇಲೂ ಉಳಿಯುವ ಕುಂದು ‘ಸೆಕ್ವೆಲಾ’. ದಿನನಿತ್ಯದ ಅಗತ್ಯ ಕೆಲಸಗಳನ್ನಾಗಲಿ ಅವುಗಳಲ್ಲಿ ಹೆಚ್ಚಿನವನ್ನಾಗಲಿ ತಾನೇ ಮಾಡಿಕೊಳ್ಳಲಾಗದವನು ‘ಗ್ರಾನ್ ಲೆಸಿಯೊನಾದೊ’. ಈ ಕೊನೆಯದನ್ನು ‘ದೊಡ್ಡ ಗಾಯಾಳು’ ಎಂದೋ ‘ತೀವ್ರ ಗಾಯಾಳು’ ಎಂದೋ ಸಾರಾಂಶದಲ್ಲಿ ಬರೆದರೆ ಜೀವನಪೂರ್ತಿ ಪರಾವಲಂಬಿಯಾದ ಒಬ್ಬ ಮನುಷ್ಯನನ್ನು ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದವರ ಸಾಲಿಗೆ ಸೇರಿಸಿದಂತಾಗುತ್ತದೆ. ಹಿಂದಿನಿಂದ ವಾಹನ ಗುದ್ದಿ ಕುತ್ತಿಗೆ ಝಾಡಿಸಿದಂತಾಗುವ ಗಾಯಕ್ಕೆ ಜನ ‘ಲಾತಿಗಾಸೊ ಸೆರ್ಬಿಕಾಲ್’, ಕುತ್ತಿಗೆಯ ಚಾಟಿಯೇಟು, ಎನ್ನುತ್ತಾರೆ; ಕಾಯಿದೆಯಲ್ಲಿ ಇದು ಬೆನ್ನುಮೂಳೆಯ ಸಣ್ಣ ಆಘಾತಗಳ ಪಟ್ಟಿಯಲ್ಲಿ ಬರುತ್ತದೆ.

‘ಬಿಕ್ತಿಮಾ’ ಎಂಬ ಪದದ ಬಗ್ಗೆ ಹೆಚ್ಚು ಎಚ್ಚರ ಬೇಕು. ಅದು ಸತ್ತವರನ್ನೂ ಸೂಚಿಸಬಹುದು, ಬದುಕಿರುವವರನ್ನೂ ಸೂಚಿಸಬಹುದು. ಯೂರೋಪಿನಲ್ಲಿ ಎರಡು ವಾಹನಗಳು ಗುದ್ದಿದಾಗ ಇಬ್ಬರೂ ಚಾಲಕರು ಸೇರಿ ತುಂಬುವ ಒಂದು ಫಾರಂ ಇದೆ. ಸ್ಪೇನಿನಲ್ಲಿ ಅದಕ್ಕೆ ‘ಪಾರ್ತೆ ಅಮಿಸ್ತೊಸೊ’ ಎನ್ನುತ್ತಾರೆ. ಅದರ ಮೇಲ್ಭಾಗದಲ್ಲಿ ದಿನಾಂಕ ಮತ್ತು ಸ್ಥಳದ ಬಳಿಕ ‘ಬಿಕ್ತಿಮಾಸ್, ಇಂಕ್ಲುಸೊ ಲೆಬೆಸ್’ ಎಂದು ಕೇಳಿ, ಹೌದು ಅಥವಾ ಇಲ್ಲ ಎಂಬ ಚೌಕಗಳನ್ನು ಕೊಟ್ಟಿರುತ್ತಾರೆ. ‘ಸಣ್ಣ ಪ್ರಮಾಣದಲ್ಲಾದರೂ ಗಾಯಗೊಂಡವರಿದ್ದಾರೆಯೇ’ ಎಂಬುದು ಅದರ ಅರ್ಥ. ಇಲ್ಲಿ ಹೌದು ಎಂಬ ಗುರುತಿದ್ದರೆ ಯಾರೋ ಸತ್ತರೆಂದು ತಿಳಿಯಬೇಕಾಗಿಲ್ಲ. ಸತ್ತವರನ್ನೇ ಹೇಳಬೇಕಾದಾಗ ‘ಬಿಕ್ತಿಮಾ ಮೊರ್ತಾಲ್’ ಎನ್ನುತ್ತಾರೆ. ಇನ್ನು ಅಪರಾಧ ಮತ್ತು ಹಿಂಸೆಯ ಸಂದರ್ಭದಲ್ಲಿ ಪದದ ವ್ಯಾಪ್ತಿ ದೇಹವನ್ನು ದಾಟುತ್ತದೆ. ಮ್ಯಾಡ್ರಿಡ್‌ನಲ್ಲಿ 2004ರ ಮಾರ್ಚ್ 11ರಂದು ಬೆಳಗಿನ ಸ್ಥಳೀಯ ರೈಲುಗಳಲ್ಲಿ ಬಾಂಬುಗಳು ಸಿಡಿದಾಗ ಸತ್ತವರು, ಗಾಯಗೊಂಡವರು, ಅವರ ಕುಟುಂಬದವರು ಎಲ್ಲರೂ ‘ಬಿಕ್ತಿಮಾಸ್’. ಕೊಲಂಬಿಯಾದಲ್ಲಿ 2011ರ 1448ನೆಯ ಕಾಯಿದೆಯಡಿ ಸಶಸ್ತ್ರ ಸಂಘರ್ಷದ ಸಂತ್ರಸ್ತರೆಂದು ನೋಂದಾಯಿತರಾದವರು 90 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಊರುಬಿಟ್ಟು ಓಡಬೇಕಾಗಿ ಬಂದವರು, ಮೈಮೇಲೆ ಗಾಯವಾದವರಲ್ಲ. ವ್ಯಾಕರಣದಲ್ಲಿ ‘ಬಿಕ್ತಿಮಾ’ ಯಾವಾಗಲೂ ಸ್ತ್ರೀಲಿಂಗ. ಗಾಯಗೊಂಡವನು ಗಂಡಸೇ ಆಗಿದ್ದರೂ ‘ಲಾ ಬಿಕ್ತಿಮಾ ಫ್ವೆ ತ್ರಾಸ್ಲಾದಾದಾ’ ಎಂದೇ ಬರೆಯುತ್ತಾರೆ. ಕ್ರಿಯಾರೂಪ ನೋಡಿ ಲಿಂಗವನ್ನು ಊಹಿಸಬೇಡಿ. ಹೆಸರು ಮತ್ತು ಗುರುತಿನ ಕಾಲಂ ನೋಡಿ.

‘ದಮ್ನಿಫಿಕಾದೊ’ ನಮ್ಮ ಪತ್ರಿಕೆಗಳ ‘ಸಂತ್ರಸ್ತ’ನಿಗೆ ಹತ್ತಿರದ ಪದ. ಪ್ರಕೃತಿ ವಿಕೋಪದಲ್ಲಿ ಮನೆ, ಬೆಳೆ, ಅಂಗಡಿ ಕಳೆದುಕೊಂಡವನು. ಮೆಕ್ಸಿಕೊ ನಗರದಲ್ಲಿ 1985ರ ಸೆಪ್ಟೆಂಬರ್ 19ರ ಭೂಕಂಪದ ನಂತರ ಮನೆ ಕಳೆದುಕೊಂಡವರು ಸಂಘಟಿತರಾಗಿ ಪುನರ್ವಸತಿಗೆ ಹೋರಾಡಿದ ಒಕ್ಕೂಟದ ಹೆಸರಿನಲ್ಲಿಯೇ ಈ ಪದವಿತ್ತು: ‘ಕೊಓರ್ದಿನಾದೊರಾ ಉನಿಕಾ ದೆ ದಮ್ನಿಫಿಕಾದೊಸ್’. ಮೆಕ್ಸಿಕೊದವರ ಬಾಯಲ್ಲಿ ಈ ಪದ ಇಂದಿಗೂ ಆ ಭೂಕಂಪವನ್ನು ನೆನಪಿಸುತ್ತದೆ. 2024ರ ಅಕ್ಟೋಬರ್ 29ರಂದು ಸ್ಪೇನಿನ ವಲೆನ್ಸಿಯಾ ಪ್ರಾಂತದಲ್ಲಿ ಭೀಕರ ಪ್ರವಾಹ ಬಂದಾಗಲೂ ಕೆಸರು ತುಂಬಿದ ಮನೆಗಳವರು ‘ದಮ್ನಿಫಿಕಾದೊಸ್’ ಅಥವಾ ‘ಅಫೆಕ್ತಾದೊಸ್’ ಎನಿಸಿಕೊಂಡರು. ಹೀಗೆ ಈ ಪದವಿರುವ ಕಾಗದ ನಿಮ್ಮ ಮೇಜಿಗೆ ಬಂದರೆ ಅದು ಆಸ್ತಿಯ ಕ್ಲೇಮು ಆಗಿರುವ ಸಂಭವವೇ ಹೆಚ್ಚು. ದೇಹದ ಗಾಯ ಎಂದು ತೆಗೆದುಕೊಳ್ಳಬೇಡಿ.

ಇನ್ನು ಮಾತಿನ ಭಾಷೆ. ಫೋನಿನಲ್ಲಿರುವ ಮನುಷ್ಯ ತಾನು ‘ಎರಿದೊ’ ಎಂದೋ ‘ಲೆಸಿಯೊನಾದೊ’ ಎಂದೋ ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ. ಮೆಕ್ಸಿಕೊದವರು ‘ಮೆ ಲಾಸ್ತಿಮೆ’ ಎನ್ನುತ್ತಾರೆ (ನಿಮ್ಮ ಪಟ್ಟಿಯ ‘ಲಾಸ್ತಿಮಾದೊ’ ಇದೇ ಕ್ರಿಯಾಪದದ್ದು), ಸ್ಪೇನಿನವರು ‘ಮೆ ಎ ಎಚೊ ದಾನ್ಯೊ’ ಎನ್ನುತ್ತಾರೆ. ಎರಡಕ್ಕೂ ಕನ್ನಡ ಒಂದೇ: ಪೆಟ್ಟು ಮಾಡಿಕೊಂಡೆ. ಕನ್ನಡದ ಆ ‘ಕೊಂಡೆ’ಯಲ್ಲಿರುವುದೇ ಸ್ಪ್ಯಾನಿಷ್‌ನ ಆ ‘ಮೆ’ಯಲ್ಲಿಯೂ ಇದೆ. ‘ಮೆ ತೊರ್ಸಿ ಎಲ್ ತೊಬಿಯೊ’ ಎಂದರೆ ಕಾಲಿನ ಕೀಲು ಉಳುಕಿಸಿಕೊಂಡೆ, ‘ಮೆ ಕೊರ್ತೆ’ ಎಂದರೆ ಕೊಯ್ದುಕೊಂಡೆ, ‘ಮೆ ಕೆಮೆ’ ಎಂದರೆ ಸುಟ್ಟುಕೊಂಡೆ, ‘ಸೆ ರೊಂಪಿಯೊ ಎಲ್ ಬ್ರಾಸೊ’ ಎಂದರೆ ಕೈ ಮುರಿದುಕೊಂಡ. ‘ತನ್ನ ಕೈ’ ಎಂದು ಹೇಳುವ ಅಗತ್ಯ ನಮಗೂ ಇಲ್ಲ, ಅವರಿಗೂ ಇಲ್ಲ. ಬೇರೆಯವರ ಕೈಯನ್ನು ಮುರಿದುಕೊಳ್ಳುವುದು ಹೇಗೆ? ಇಂಗ್ಲಿಷ್ ಮೂಲಕ ಬಂದ ವಿದ್ಯಾರ್ಥಿಗಳು ‘ರೊಂಪಿ ಮಿ ಬ್ರಾಸೊ’ ಎಂದು ‘ನನ್ನ’ ಎಂಬ ಪದವನ್ನು ತುರುಕುತ್ತಾರೆ. ಕೇಳುವವರಿಗೆ ಅದು ಬೇಕೆಂದೇ ಒಂದು ವಸ್ತುವನ್ನು ಮುರಿದಂತೆ ಕೇಳಿಸುತ್ತದೆ. ಕನ್ನಡದಲ್ಲಿ ಯೋಚಿಸಿದರೆ ಈ ತಪ್ಪು ಹುಟ್ಟುವುದೇ ಇಲ್ಲ.

ನೋವಿನ ವಿಷಯದಲ್ಲಿ ಸಾಮ್ಯ ಇನ್ನೂ ಹೆಚ್ಚು. ‘ಮೆ ದ್ವೆಲೆ ಲಾ ಕಬೆಸಾ’ ಎಂಬ ವಾಕ್ಯದಲ್ಲಿ ನೋಯುವುದು ತಲೆ, ಅದು ನೋಯುವುದು ನನಗೆ. ‘ನನಗೆ ತಲೆ ನೋಯುತ್ತಿದೆ’ ಎಂಬುದರ ರಚನೆಯೂ ಅದೇ: ಚತುರ್ಥಿ ವಿಭಕ್ತಿಯಲ್ಲಿ ಮನುಷ್ಯ, ಕರ್ತೃಸ್ಥಾನದಲ್ಲಿ ಅಂಗ. ಒಂದು ಅಂಗವಾದರೆ ‘ದ್ವೆಲೆ’, ಎರಡು ಅಂಗಗಳಾದರೆ ‘ದ್ವೆಲೆನ್’. ಕಾಲುಗಳು ನೋಯುತ್ತವೆ ಎನ್ನುವಂತೆ. ‘ಸೆ ಲೆ ಇಂಚೊ ಎಲ್ ತೊಬಿಯೊ’ ಎಂಬುದನ್ನು ಬಿಡಿಸಿ ನೋಡಿ: ಅವನಿಗೆ ಕಾಲಿನ ಕೀಲು ಊದಿಕೊಂಡಿತು. ‘ಅವನಿಗೆ’ ಎಂಬುದಕ್ಕೆ ‘ಲೆ’, ‘ಊದಿಕೊಂಡಿತು’ ಎಂಬುದರ ‘ಕೊಂಡಿತು’ವಿಗೆ ‘ಸೆ’. ಸ್ಪ್ಯಾನಿಷ್ ಕಲಿಯುವ ಇಂಗ್ಲಿಷ್ ಮಾತೃಭಾಷೆಯವರು ತಿಂಗಳುಗಟ್ಟಲೆ ಒದ್ದಾಡುವ ಈ ವಾಕ್ಯ ನಿಮಗೆ ಬಾಲ್ಯದಿಂದಲೂ ಗೊತ್ತು. ನಮ್ಮ ಸ್ಪ್ಯಾನಿಷ್ ತರಗತಿಗಳು ಈ ಆಸ್ತಿಯನ್ನು ಬಳಸಿಕೊಳ್ಳದೆ ಇಂಗ್ಲಿಷ್ ಪಠ್ಯಗಳನ್ನೇ ನೆಚ್ಚಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಗಾಯದ ಬಗೆಗಳಿಗೂ ಉಪಚಾರದ ಸಾಮಗ್ರಿಗಳಿಗೂ ಇರುವ ಹೆಸರುಗಳು ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಬೇರೆಯಾಗುವುದುಂಟು. ಪೆಟ್ಟು ಬಿದ್ದು ಕಂದಿದ ಕಲೆಗೆ ಸ್ಪೇನಿನಲ್ಲಿ ‘ಮೊರಾತೊನ್’ ಅಥವಾ ‘ಕಾರ್ದೆನಾಲ್’, ಮೆಕ್ಸಿಕೊದಲ್ಲಿ ‘ಮೊರೆತೊನ್’. ವೈದ್ಯರಿಗೆ ಎಲ್ಲೆಡೆ ‘ಎಮಾತೊಮಾ’. ಮುರಿದ ಕೈಗೆ ಹಾಕುವ ಪ್ಲಾಸ್ಟರ್ ಸ್ಪೇನಿನಲ್ಲಿ ‘ಎಸ್ಕಾಯೊಲಾ’, ಲ್ಯಾಟಿನ್ ಅಮೆರಿಕದಲ್ಲಿ ‘ಯೆಸೊ’. ಅಂಟಿಸುವ ಸಣ್ಣ ಪಟ್ಟಿ ಸ್ಪೇನಿನಲ್ಲಿ ‘ತಿರಿತಾ’, ಲ್ಯಾಟಿನ್ ಅಮೆರಿಕದಲ್ಲಿ ‘ಕುರಿತಾ’. ಉಳುಕಿಗೆ ‘ಎಸ್ಗಿನ್ಸೆ’, ತಲೆಯ ಮೇಲೆ ಏಳುವ ಬುಗುಟಿಗೆ ‘ಚಿಚೊನ್’, ತರಚು ಗಾಯಕ್ಕೆ ‘ರಾಸ್ಪೊನ್’ ಅಥವಾ ‘ರಾಸ್ಗುನ್ಯೊ’.

ಗಾಯವನ್ನು ನಿಖರವಾಗಿ ವರ್ಣಿಸುವ ಸ್ಪ್ಯಾನಿಷ್ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಬೇಕಾದರೆ ಗೂಳಿಕಾಳಗದ ವೈದ್ಯಕೀಯ ಪ್ರಕಟಣೆಗಳನ್ನು ಓದಬೇಕು. ಆ ಕಾಳಗದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಅಂಕಣದ ಪಕ್ಕದಲ್ಲಿಯೇ ಇರುವ ಚಿಕಿತ್ಸಾಲಯದ ಶಸ್ತ್ರವೈದ್ಯರು ಹೊರಡಿಸುವ ‘ಪಾರ್ತೆ ಫಾಕುಲ್ತಾತಿಬೊ’ ಭಾಷೆಯ ದೃಷ್ಟಿಯಿಂದ ಒಂದು ಮಾದರಿ. ಕೋಡಿನ ತಿವಿತಕ್ಕೆ ‘ಕೊರ್ನಾದಾ’ ಎಂಬ ಪ್ರತ್ಯೇಕ ಪದವಿದೆ. ತೊಡೆಯ ಯಾವ ಭಾಗದಲ್ಲಿ ಹೊಕ್ಕಿತು, ಒಳಗೆ ಎಷ್ಟು ‘ತ್ರಾಯೆಕ್ತೊರಿಯಾಸ್’, ಅಂದರೆ ಕೋಡು ಸಾಗಿದ ದಾರಿಗಳು, ಒಂದೊಂದೂ ಎಷ್ಟು ಸೆಂಟಿಮೀಟರ್, ಮೇಲ್ಮುಖವೋ ಕೆಳಮುಖವೋ, ಯಾವ ಸ್ನಾಯು ಹರಿಯಿತು, ಯಾವ ರಕ್ತನಾಳ ಉಳಿಯಿತು, ಕೊನೆಯಲ್ಲಿ ‘ಪ್ರೊನೊಸ್ತಿಕೊ ಗ್ರಾಬೆ’ ಅಥವಾ ‘ಮೂಯ್ ಗ್ರಾಬೆ’. ಈ ಭಾಷೆ ವೈದ್ಯರಿಗೆ ಮಾತ್ರ ಸೇರಿದ್ದಲ್ಲ. 1984ರ ಸೆಪ್ಟೆಂಬರ್ 26ರಂದು ಪೊಸೊಬ್ಲಾಂಕೊ ಎಂಬ ಊರಿನಲ್ಲಿ ಅವಿಸ್ಪಾದೊ ಎಂಬ ಗೂಳಿ ತಿವಿದಾಗ ಪಾಕಿರ್ರಿ ಎಂದು ಹೆಸರಾಗಿದ್ದ ಗೂಳಿಕಾಳಗಗಾರ ಫ್ರಾನ್ಸಿಸ್ಕೊ ರಿಬೆರಾ, ಚಿಕಿತ್ಸೆಯ ಮೇಜಿನ ಮೇಲೆ ಮಲಗಿದ್ದವರು, ತಿವಿತ ಬಲವಾದದ್ದು, ಕನಿಷ್ಠ ಎರಡು ದಾರಿಗಳಿವೆ ಎಂದು ವೈದ್ಯರಿಗೆ ತಾವೇ ಶಾಂತವಾಗಿ ವಿವರಿಸಿದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ. ಕೊರ್ದೊಬಾಕ್ಕೆ ಸಾಗಿಸುವಾಗ ಅವರು ತೀರಿಕೊಂಡರು. ಜುಲೈ ತಿಂಗಳಲ್ಲಿ ಪಾಂಪ್ಲೊನಾದ ಗೂಳಿ ಓಟದ ಸುದ್ದಿ ಓದಿದರೆ ಕೋಡು ಹೊಕ್ಕವರನ್ನು ‘ಎರಿದೊಸ್ ಪೊರ್ ಆಸ್ತಾ’ ಎಂದೂ, ಕಾಲ್ತುಳಿತಕ್ಕೋ ಬಿದ್ದುದಕ್ಕೋ ಪೆಟ್ಟಾದವರನ್ನು ‘ಕೊಂತುಸಿಯೊನಾದೊಸ್’ ಎಂದೂ ಬೇರೆಬೇರೆಯಾಗಿ ಎಣಿಸುವುದನ್ನು ಕಾಣುವಿರಿ.

ನೀವು ಎಡವಬಾರದ ಎರಡು ಪದಗಳಿವೆ. ‘ಇನ್ಹುರಿಯಾ’ ಎಂಬುದು ಇಂಗ್ಲಿಷಿನ ಇಂಜುರಿಯಂತೆ ಕಂಡರೂ ಅದರ ಅರ್ಥ ಅವಮಾನ, ಮಾನಹಾನಿ. ಸ್ಪೇನಿನ ದಂಡಸಂಹಿತೆಯಲ್ಲಿ ಅದು ಬೇರೆಯೇ ಅಪರಾಧ. ಎರಡನೆಯದು ‘ಇಂತೊಕ್ಸಿಕಾದೊ’. ಇದು ಅಮಲೇರಿದವನಲ್ಲ, ವಿಷಾಹಾರ, ಔಷಧ, ಹೊಗೆ ಮುಂತಾದವುಗಳಿಂದ ಅಸ್ವಸ್ಥನಾದವನು. ಬೆಂಕಿ ಅನಾಹುತದ ವರದಿಗಳಲ್ಲಿ ‘ಇಂತೊಕ್ಸಿಕಾದೊಸ್ ಪೊರ್ ಉಮೊ’ ಎಂದರೆ ಹೊಗೆ ಸೇವಿಸಿ ಉಸಿರು ಕಟ್ಟಿದವರು. 1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬ ಪ್ರಜ್ಞೆ ತಪ್ಪಿದಾಗ, ಆಹಾರ ವಿಷವಾಗಿರಬೇಕೆಂದು ಭಾವಿಸಿದ ಅವನ ಕ್ಯೂಬಾ ಮೂಲದ ಮನೆಯವರು ಆಸ್ಪತ್ರೆಯಲ್ಲಿ ಈ ಪದವನ್ನು ಹೇಳಿದರು. ವೈದ್ಯರು ಅದನ್ನು ಮಾದಕವಸ್ತುವಿನ ಅತಿಸೇವನೆ ಎಂದು ಗ್ರಹಿಸಿ ಆ ದಾರಿಯಲ್ಲೇ ಚಿಕಿತ್ಸೆ ನೀಡಿದರು. ನಿಜವಾಗಿ ಮೆದುಳಿನಲ್ಲಿ ರಕ್ತಸ್ರಾವವಾಗುತ್ತಿತ್ತು. ಹುಡುಗನ ಕೈಕಾಲುಗಳ ಸ್ವಾಧೀನ ಶಾಶ್ವತವಾಗಿ ಹೋಯಿತು, ಪ್ರಕರಣ ಸುಮಾರು 7.1 ಕೋಟಿ ಡಾಲರ್ ಪರಿಹಾರದಲ್ಲಿ ಮುಗಿಯಿತು. ಆರೋಗ್ಯ ಕ್ಷೇತ್ರದ ದುಭಾಷಿಗಳ ತರಬೇತಿಯಲ್ಲಿ ಈ ಪ್ರಕರಣವನ್ನು ಇಂದಿಗೂ ಉದಾಹರಿಸುತ್ತಾರೆ.

ಗಾಯದಿಂದ ಶಾಶ್ವತ ಊನ ಉಳಿದವರ ಬಗ್ಗೆ ಬರೆಯುವಾಗ ಹಳೆಯ ಪದಗಳನ್ನು ಎತ್ತಿಕೊಳ್ಳಬೇಡಿ. ‘ಲಿಸಿಯಾದೊ’, ‘ಇನ್ವಾಲಿದೊ’, ‘ಮಿನುಸ್ವಾಲಿದೊ’ ಎಂಬವು ಇಂದು ನೋಯಿಸುವ ಪದಗಳು. ಎಲ್ ಸಾಲ್ವದೊರ್‌ನಂಥ ದೇಶದಲ್ಲಿ ಅಂತರ್ಯುದ್ಧದಲ್ಲಿ ಅಂಗ ಕಳೆದುಕೊಂಡವರ ಸಂದರ್ಭದಲ್ಲಿ ‘ಲಿಸಿಯಾದೊ’ ಅಧಿಕೃತವಾಗಿ ಉಳಿದುಬಂದಿರುವುದು ಬೇರೆ ಮಾತು. ಸ್ಪೇನ್ 2024ರಲ್ಲಿ ತನ್ನ ಸಂವಿಧಾನದ 49ನೆಯ ವಿಧಿಯನ್ನೇ ತಿದ್ದಿ ‘ದಿಸ್ಮಿನುಯಿದೊಸ್’ ಎಂಬ ಪದವನ್ನು ತೆಗೆದು ‘ಪೆರ್ಸೊನಾಸ್ ಕೊನ್ ದಿಸ್ಕಾಪಾಸಿದಾದ್’ ಎಂದು ಬರೆಯಿತು. ಸರಕಾರಿ ಕಾಗದಗಳಲ್ಲೂ ನಿಮ್ಮ ಸಾರಾಂಶದಲ್ಲೂ ಇದೇ ಸರಿಯಾದ ರೂಪ.

ಆಸ್ಪತ್ರೆಯ ಕಾಗದಗಳಲ್ಲಿ ‘ಆಲ್ತಾ’ ಮತ್ತು ‘ಬಾಹಾ’ ಎಂಬ ಜೋಡಿ ಪದೇ ಪದೇ ಬರುತ್ತದೆ. ‘ಲೆ ದಿಯೆರೊನ್ ಎಲ್ ಆಲ್ತಾ’ ಎಂದರೆ ಡಿಸ್ಚಾರ್ಜ್ ಮಾಡಿದರು. ಸ್ಪೇನಿನಲ್ಲಿ ‘ಎಸ್ತಾ ದೆ ಬಾಹಾ’ ಎಂದರೆ ವೈದ್ಯರ ಚೀಟಿಯ ಮೇಲೆ ಕೆಲಸದಿಂದ ರಜೆಯಲ್ಲಿದ್ದಾನೆ. ಯುದ್ಧದ ವರದಿಯಲ್ಲಿ ಅದೇ ‘ಬಾಹಾಸ್’ ಎಂದರೆ ಸತ್ತು, ಗಾಯಗೊಂಡು, ಕಾಣೆಯಾಗಿ ಸೇನೆಗೆ ಇಲ್ಲವಾದವರು. ‘ಪ್ರೊನೊಸ್ತಿಕೊ ರೆಸೆರ್ಬಾದೊ’ ಎಂದರೆ ಮುಂದೇನಾಗುವುದೆಂದು ವೈದ್ಯರು ಈಗಲೇ ಹೇಳಲಾರರು. ಅದನ್ನು ‘ಸ್ಥಿರ’ ಎಂದು ಬರೆಯಬಾರದು.

ಎಂದಾದರೂ ಘಟನೆ ನಡೆಯುತ್ತಿರುವಾಗಲೇ ಫೋನ್ ಬಂದರೆ, ಸ್ಪೇನಿನಲ್ಲಿ 112, ಮೆಕ್ಸಿಕೊದಲ್ಲಿ 911ಕ್ಕೆ ಕರೆ ಮಾಡಲು ಮೊದಲು ಹೇಳಿ. ಸ್ಪೇನಿನಲ್ಲಿ ವಾಹನ ಚಾಲನೆ ಕಲಿಯುವವರಿಗೆಲ್ಲ ‘ಪ್ರೊತೆಹೆರ್, ಅಬಿಸಾರ್, ಸೊಕೊರ‍್ರೆರ್’, ಅಂದರೆ ಸ್ಥಳವನ್ನು ಸುರಕ್ಷಿತಗೊಳಿಸು, ಸುದ್ದಿ ಮುಟ್ಟಿಸು, ನೆರವಾಗು ಎಂಬ ಅನುಕ್ರಮವನ್ನು ಕಲಿಸಿರುತ್ತಾರೆ. ಪ್ರಥಮ ಚಿಕಿತ್ಸೆಯ ಆ ಪಾಠದಲ್ಲಿ ಬಿದ್ದಿರುವ ಮನುಷ್ಯನಿಗೆ ಬಳಸುವ ಪದ ನಿಮ್ಮ ಪಟ್ಟಿಯಲ್ಲಿಲ್ಲದ ‘ಅಕ್ಸಿದೆಂತಾದೊ’. ‘ನೊ ಮುಎಬಾ ಅಲ್ ಅಕ್ಸಿದೆಂತಾದೊ’, ಅಪಘಾತಕ್ಕೊಳಗಾದವರನ್ನು ಅಲುಗಿಸಬೇಡಿ. ‘ನೊ ಲೆ ಕಿತೆ ಎಲ್ ಕಾಸ್ಕೊ’, ಅವರ ಹೆಲ್ಮೆಟ್ ತೆಗೆಯಬೇಡಿ. ನಂತರ ಕೇಳಬೇಕಾದ ಎರಡು ಪ್ರಶ್ನೆಗಳು ‘ಎಸ್ತಾ ಕೊನ್ಸಿಯೆಂತೆ?’, ಪ್ರಜ್ಞೆ ಇದೆಯೇ, ಮತ್ತು ‘ರೆಸ್ಪಿರಾ?’, ಉಸಿರಾಡುತ್ತಿದ್ದಾರೆಯೇ. ಇವೆರಡಕ್ಕೂ ಉತ್ತರ ಸಿಕ್ಕಿದ ಮೇಲೆ ಆತ ಯಾವ ವರ್ಗದ ಗಾಯಾಳು ಎಂಬುದನ್ನು ನಿಧಾನವಾಗಿ ಬರೆದುಕೊಳ್ಳಬಹುದು.